ರೈಲಿಲ್ಲದ ಸ್ಟೇಷನ್ನುಗಳು

ಬೇರೆಯವರಿಗೆ ನಗೆಪಾಟಲಾಗುವಂಥದ್ದೆಲ್ಲ ವರ್ಷಕ್ಕೊಂದು ಸಲ ಆಗುತ್ತದೋ ಏನೋ, ನನಗೆ ಮಾತ್ರ ಕಟ್ಟಡ ಕಟ್ಟಿದಾಗಲೆಲ್ಲ ಆಗುತ್ತದೆ. ಕಟ್ಟಡ ಅಂದರೆ ಗಾಬರಿಯಾಗಬೇಡಿ, ಅಂಗೈ ಮೇಲೆ ಕೂರುವಂಥದ್ದು. ಎಂಬತ್ತರ ದಶಕದಲ್ಲಿ ನಾನು ಕೊಯಮತ್ತೂರಿನ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ವಾರವೆಲ್ಲ ಪಂಪಿನ ನಕ್ಷೆ ಬರೆಯುವುದು, ಭಾನುವಾರ ರಟ್ಟು, ಬೆಂಕಿಕಡ್ಡಿ, ಅಂಟು ಹಿಡಿದು ರೈಲ್ವೆ ಕಟ್ಟಡಗಳ ಪುಟ್ಟ ಮಾದರಿ ಮಾಡುವುದು. ನಿಜದ ಒಂದು ಅಡಿಗೆ ನಮ್ಮಲ್ಲಿ ಮೂರೂವರೆ ಮಿಲಿಮೀಟರ್. ಅದರಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಮೂರು ದಿನ ಅನ್ನ ಸೇರುತ್ತಿರಲಿಲ್ಲ.

ಇದೇ ಹುಚ್ಚಿದ್ದ ಇನ್ನೊಬ್ಬ ಮನುಷ್ಯ ನಾನು ಕಂಡ ಹಾಗೆ ಒಬ್ಬರೇ, ಪಲ್ಲಡಂನ ನೂಲು ವ್ಯಾಪಾರಿ. ನನಗಿಂತ ನಾಲ್ಕು ವರ್ಷ ದೊಡ್ಡವರು. ನಮ್ಮ ಹಾಗೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನನಗೆ ನಮ್ಮಪ್ಪ ಬೆತ್ತ ಹಿಡಿದು ಕನ್ನಡ ಅಕ್ಷರ ಕಲಿಸಿದ್ದರು, ಅವರಿಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಿಬ್ಬರ ನಡುವೆ ನಿಯಮಗಳಿದ್ದವು. ಆಟಿಕೆ ಅಂಗಡಿಯಲ್ಲಿ ಸಿಗುವ ಯಾವುದನ್ನೂ ಅಂಟಿಸಬಾರದು. ತೀರ್ಪು ಹೇಳುವವನು ಮೊದಲು ಹೋಗಿ ಅಸಲು ಕಟ್ಟಡ ನೋಡಿಕೊಂಡು ಬರಬೇಕು. ಆಮೇಲೆ ಭೂತಗನ್ನಡಿ ಹಿಡಿದು ತಪ್ಪು ಮಾತ್ರ ಹೇಳಬೇಕು, ಹೊಗಳುವ ಹಾಗಿಲ್ಲ. ಒಂದೂ ತಪ್ಪು ಸಿಗದಿದ್ದರೆ "ತಪ್ಪಿಲ್ಲ" ಅನ್ನಬೇಕು. ಆ ಒಂದು ಮಾತು ಅವರ ಬಾಯಿಂದ ಕೇಳಬೇಕು ಅಂತ ನಾನು ಒಂಬತ್ತು ವರ್ಷ ಕಾದೆ. ಕಾರ್ಖಾನೆಯಲ್ಲಿ ಪ್ರಮೋಷನ್ನಿಗೂ ಅಷ್ಟು ಆಸೆಯಿಂದ ಕಾದವನಲ್ಲ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನಗಬೇಡಿ. ನಮ್ಮಿಬ್ಬರ ಹತ್ತಿರವೂ ರೈಲು ಇರಲಿಲ್ಲ. ಆ ಅಳತೆಯ ಪುಟ್ಟ ರೈಲನ್ನು ಫಾರಿನ್ನಿನಿಂದ ತರಿಸಬೇಕಿತ್ತು, ತಂದುಕೊಡುವ ಭಾವಮೈದುನ ನಮಗಿರಲಿಲ್ಲ. ಮನೆಗೆ ಬಂದವರು "ಇಷ್ಟೆಲ್ಲ ಇದೆ, ರೈಲು ಎಲ್ಲಿ?" ಅಂತ ಕೇಳಿದರೆ ನನ್ನ ಹೆಂಡತಿ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು: "ಇವತ್ತು ಲೇಟಂತೆ!"

೧. ಇಬ್ಬರು ಆಫೀಸರುಗಳು

ನೂಲಿನವರ ಪರಿಚಯವಾದದ್ದು ಊರ ಹೊರಗಿನ ಒಂದು ರೈಲ್ವೆ ಗೇಟಿನಲ್ಲಿ. ಗೇಟ್‌ಮನ್ ಮನೆ ಪುಟ್ಟದು, ಮುದ್ದಾಗಿತ್ತು. ಟೇಪು ಹಿಡಿದರೆ ಜನ ಅನುಮಾನಪಡುತ್ತಾರೆ ಅಂತ ನಾನು ಗೋಡೆಯ ಇಟ್ಟಿಗೆ ಎಣಿಸುತ್ತಿದ್ದೆ. ಒಂದು ಇಟ್ಟಿಗೆಯ ಅಳತೆ ಗೊತ್ತಿದ್ದರೆ ಗೋಡೆಯ ಅಳತೆ ಸಿಕ್ಕಿತು, ಅಷ್ಟೇ. ಎಣಿಸುತ್ತ ಮೂಲೆ ತಿರುಗಿದರೆ ಆ ಕಡೆಯಿಂದ ಇನ್ನೊಬ್ಬರು ಎಣಿಸಿಕೊಂಡು ಬರುತ್ತಿದ್ದಾರೆ!

ಇಬ್ಬರಿಗೂ ಎಣಿಕೆ ತಪ್ಪಿತು. ಅಷ್ಟರಲ್ಲಿ ಗೇಟ್‌ಮನ್ ಓಡಿ ಬಂದ. ಇಲಾಖೆಯವರು ಬಂದಿದ್ದಾರೆ ಅಂತ ಅವನ ಲೆಕ್ಕ. "ವಾಂಗ ಸಾರ್, ವಾಂಗ" ಅಂತ ಒಳಗೆ ಕರೆದು ಕೂರಿಸಿ ಟೀ ಕೊಟ್ಟ. ಮೇಲೆ ಕೈ ತೋರಿಸಿ, ಆ ಎರಡು ಹೆಂಚು ಒಡೆದು ಮೂರು ಮಳೆಗಾಲವಾಯಿತು, ಮಗುವಿನ ತೊಟ್ಟಿಲ ಮೇಲೇ ಸೋರುತ್ತದೆ, ಬರೆದುಕೊಳ್ಳಿ ಸಾರ್ ಅಂತ ಅತ್ತ. ನಾವಿಬ್ಬರೂ ಬರೆದುಕೊಂಡೆವು. ಟೀ ಕುಡಿದ ಮೇಲೆ ಇನ್ನೇನು ಮಾಡೋದು? ಆ ಪಾಪಪ್ರಜ್ಞೆ ನನಗೆ ಈಗಲೂ ಇದೆ.

ಎರಡು ತಿಂಗಳಾದ ಮೇಲೆ ನನ್ನ ಗೇಟ್‌ಮನ್ ಮನೆ ಸಿದ್ಧವಾಯಿತು. ನೂಲಿನವರು ಭೂತಗನ್ನಡಿ ಹಿಡಿದು ನೋಡಿದರು. "ಮೂರನೇ ಸಾಲಿನಲ್ಲಿ ಎರಡು ಹೆಂಚು ಒಡೆದಿರಬೇಕಿತ್ತು. ತಪ್ಪು."

ಆ ಗೇಟ್‌ಮನ್ ಗೋಳು ಕೇಳಿ ಸೂರು ರಿಪೇರಿ ಮಾಡಿದವನು ಲೋಕದಲ್ಲಿ ನಾನೊಬ್ಬನೇ, ಅದನ್ನೂ ತಪ್ಪು ಅಂದುಬಿಟ್ಟರು.

೨. ಅಸಲಿ ಜರಿ

ರಟ್ಟಿನ ವಿಷಯದಲ್ಲಿ ದೇವರು ಪಕ್ಷಪಾತಿ. ನೂಲಿನವರ ಅಂಗಡಿಯಲ್ಲಿ ನೂಲು ಸುತ್ತಿ ಬರುವ ರಟ್ಟಿನ ಕೊಳವೆಗಳು ರಾಶಿ ರಾಶಿ. ನೀರಿನ ಟ್ಯಾಂಕು ಬೇಕೇ, ಹೊಗೆಗೂಡು ಬೇಕೇ, ಕೈ ಹಾಕಿದರೆ ಸಿಕ್ಕಿತು. ನನ್ನ ಮನೆಯಲ್ಲಿ ಒಳ್ಳೆಯ ರಟ್ಟು ಅಂತ ಇದ್ದದ್ದು ಒಂದೇ, ಹೆಂಡತಿಯ ಸಿರುಮುಗೈ ರೇಷ್ಮೆ ಸೀರೆಯ ಪೆಟ್ಟಿಗೆ. ಏನು ರಟ್ಟು ಅಂತೀರಿ! ಬಾಗುವುದಿಲ್ಲ, ಸಿಪ್ಪೆ ಏಳುವುದಿಲ್ಲ. ಆ ಪೆಟ್ಟಿಗೆ ನೋಡಿದಾಗಲೆಲ್ಲ ನನಗೆ ಗೂಡ್ಸ್ ಶೆಡ್ಡೇ ಕಾಣುತ್ತಿತ್ತು.

ಒಂದು ಭಾನುವಾರ ಅವಳು ತವರಿಗೆ ಹೋದಾಗ ಸೀರೆಯನ್ನು ಜೋಪಾನವಾಗಿ ದಿನಪತ್ರಿಕೆಯಲ್ಲಿ ಸುತ್ತಿಟ್ಟು ಪೆಟ್ಟಿಗೆಯನ್ನು ಶೆಡ್ಡು ಮಾಡಿದೆ. ಮುಂದಿನ ತಿಂಗಳು ಮದುವೆಗೆ ಹೊರಟು ಸೀರೆ ಬಿಚ್ಚಿದಳು. ಬಿಸ್ಕತ್ತಿನ ಬಣ್ಣದ ಸೆರಗಿನ ಮೇಲೆ ಪತ್ರಿಕೆಯ ಮಸಿ ಇಳಿದಿತ್ತು. ಅವಳು ಕಿರುಚಲಿಲ್ಲ. ಅಳಲೂ ಇಲ್ಲ. ಹತ್ತಿ ಸೀರೆ ಉಟ್ಟುಕೊಂಡು ಮದುವೆಗೆ ಬಂದಳು, ಕೇಳಿದವರಿಗೆಲ್ಲ "ನಮ್ಮನೆಯವರು ರೈಲ್ವೆಗೆ ದಾನ ಮಾಡಿದ್ರು" ಅಂದಳು. ಊಟದ ಪಂಕ್ತಿಯಲ್ಲಿ ನನಗೆ ಪಾಯಸವೂ ಕಹಿಯಾಯಿತು.

ಇಷ್ಟು ಪ್ರಾಣ ಕೊಟ್ಟು ಮಾಡಿದ ಶೆಡ್ಡು. ನೂಲಿನವರು ಹೊರಗೆಲ್ಲ ನೋಡಿದರು, ಏನೂ ಸಿಗಲಿಲ್ಲ. ಕೊನೆಗೆ ಒಂದು ಕಣ್ಣು ಮುಚ್ಚಿ ಕಿಟಕಿಯೊಳಗೆ ಇಣುಕಿದರು.

"ಸಾರ್, ಒಳಗೋಡೆ ಮೇಲೆ 'ಅಸಲಿ ಜರಿ, ಬಣ್ಣಕ್ಕೆ ಗ್ಯಾರಂಟಿ' ಅಂತ ಬರೆದಿದೆ. ರೈಲ್ವೆಯವರು ಇದನ್ನ ಯಾವಾಗಿಂದ ಕೊಡ್ತಿದಾರೆ?"

೩. ನಾನು ಗೆದ್ದದ್ದು

ಅವರೇನು ತಪ್ಪು ಮಾಡದವರಲ್ಲ. ಒಂದು ಸಲ ಹಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರಂ ಮಾಡಿ, ಹಳಿಯ ಕೆಳಗಿನ ಜಲ್ಲಿಕಲ್ಲಿಗೆ ಸಜ್ಜೆ ಕಾಳು ಅಂಟಿಸಿದ್ದರು. ಹಿಂದಿನ ವಾರವೇ ಪಲ್ಲಡಂಗೆ ಹೋಗಿದ್ದಾಗ ನನಗೆ ತೋರಿಸಿದ್ದರು. ಒಂದೊಂದೇ ಕಾಳು ಚಿಮಟದಲ್ಲಿ ಹಿಡಿದು, ಬೂದಿಬಣ್ಣ ಬಳಿದು, ನಾಲ್ಕು ತಿಂಗಳ ಕೆಲಸ. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು, ಅಷ್ಟು ಚೆನ್ನಾಗಿತ್ತು.

ತೀರ್ಪಿಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಪಲ್ಲಡಂನಿಂದ ಬಸ್ಸಿನಲ್ಲಿ ಬಂದರು. ಪಲ್ಲಡಂ ಕೋಳಿ ಸಾಕುವವರ ಊರು, ಅಲ್ಲಿನ ಬಸ್ಸು ಅಂದ ಮೇಲೆ ಕೋಳಿ ಇಲ್ಲದೆ ಇರುತ್ತದೆಯೇ? ಪಕ್ಕದಲ್ಲಿ ಕೂತ ಹೆಂಗಸಿನ ಬುಟ್ಟಿಯಿಂದ ಒಂದು ಕೋಳಿ ಕತ್ತು ಚಾಚಿತ್ತು. ಇವರಿಗೆ ಕಿಟಕಿಯ ಗಾಳಿಗೆ ನಿದ್ದೆ. ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಎಚ್ಚರವಾದಾಗ ಒಂದು ಕಡೆಯ ಜಲ್ಲಿ ಪೂರ್ತಿ ಖಾಲಿ.

ನನ್ನ ಮನೆಗೆ ಬಂದು ಅದನ್ನು ಮೇಜಿನ ಮೇಲಿಟ್ಟರು. ನಾನು ಭೂತಗನ್ನಡಿ ತೆಗೆದುಕೊಂಡೆ.

"ಜಲ್ಲಿ ಇಲ್ಲ. ತಪ್ಪು" ಅಂದೆ.

"ಇದು ತಪ್ಪಲ್ಲ ಸಾರ್, ಆಕ್ಸಿಡೆಂಟು! ನೀವೇ ನೋಡಿದ್ರಲ್ಲ ಹೋದ ವಾರ."

"ನಿಯಮ ಅಂದ್ರೆ ನಿಯಮ ಅಣ್ಣಾ."

ಅವರು ಕಾಫಿಯನ್ನೂ ಕುಡಿಯದೆ ಹೋದರು. ನಾನು ಗೆದ್ದೆ ಅಂತ ಮನೆಯಲ್ಲೆಲ್ಲ ಓಡಾಡಿದೆ. ಆದರೆ ಮೂರು ವಾರ ಅವರ ಸುದ್ದಿಯೇ ಇಲ್ಲ. ಭಾನುವಾರ ಬಂದರೆ ಕೈಗೆ ಕೆಲಸ ಹತ್ತದು. ಯಾರಿಗಾಗಿ ಮಾಡಲಿ, ತಪ್ಪು ಹೇಳುವವರೇ ಇಲ್ಲವಲ್ಲ ಅನ್ನಿಸಿತು. ಅಳುವಷ್ಟು ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಸಜ್ಜೆ ಒಂದು ಸೇರು ಕಟ್ಟಿಕೊಂಡು ನಾನೇ ಪಲ್ಲಡಂ ಬಸ್ಸು ಹತ್ತಲು ಹೊರಟೆ.

"ಗೆದ್ದೋರು ಯಾಕೆ ಹೋಗಿ ಕಾಲು ಹಿಡೀಬೇಕು?" ಅಂತ ಹೆಂಡತಿಯನ್ನೇ ಕೇಳಿದೆ, ಅವಳು ತಡೆಯಲಿ ಅಂತ.

"ನೀವೆಲ್ಲಿ ಗೆದ್ರಿ? ಗೆದ್ದದ್ದು ಕೋಳಿ. ಹೋಗ್ಬನ್ನಿ" ಅಂದಳು.

೪. ತಪ್ಪಿಲ್ಲ

ಒಂಬತ್ತನೇ ವರ್ಷ ನಾನು ಪೊಳ್ಳಾಚಿ ಲೈನಿನ ಒಂದು ಚಿಕ್ಕ ಸ್ಟೇಷನ್ನನ್ನು ಹಿಡಿದುಕೊಂಡೆ. ಈ ಸಲ "ತಪ್ಪಿಲ್ಲ" ಅನ್ನಿಸದಿದ್ದರೆ ಅಂಟಿನ ಡಬ್ಬಿ ಮುಟ್ಟುವುದಿಲ್ಲ ಅಂತ ಹೆಂಡತಿಯ ಮುಂದೆ ಆಣೆ ಮಾಡಿದ್ದೆ. ಅವಳು ಆ ಮಾತನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡಳು.

ಎಂಟು ಭಾನುವಾರ ಆ ಸ್ಟೇಷನ್ನಿಗೆ ಹೋಗಿ ಟ್ರೇಸಿಂಗ್ ಪೇಪರಿನಲ್ಲಿ ಮೆತ್ತನೆ ಪೆನ್ಸಿಲಿನಿಂದ ಗೋಡೆ ಗೋಡೆಯ ನಕ್ಷೆ ಬರೆದೆ. ಅದನ್ನು ರಟ್ಟಿಗೆ ಇಳಿಸುವುದು ಸುಲಭ. ಪೆನ್ಸಿಲ್ ಗೆರೆಯಿರುವ ಮುಖ ಕೆಳಗೆ ಮಾಡಿ ಹಾಳೆಯನ್ನು ರಟ್ಟಿನ ಮೇಲೆ ಮಲಗಿಸಿ, ಬೆನ್ನ ಮೇಲೆ ಚಮಚದಿಂದ ತಿಕ್ಕಿದರೆ ಗೆರೆ ಅಂಟಿಕೊಳ್ಳುತ್ತದೆ. ಮೊದಲಿನಿಂದಲೂ ನಾನು ಮಾಡುತ್ತಿದ್ದದ್ದು ಹೀಗೇ. ಗೇಟ್‌ಮನ್ ಮನೆ, ಗೂಡ್ಸ್ ಶೆಡ್ಡು ಎಲ್ಲ ಹೀಗೇ ಆದದ್ದು.

ಒಂದು ವರ್ಷ ಹಿಡಿಯಿತು. ಕಿಟಕಿಗೆ ಎಕ್ಸ್‌ರೇ ಹಾಳೆ ತೊಳೆದು ಹಾಕಿದ್ದೆ. ಒಡೆದ ಹೆಂಚೆಲ್ಲ ಒಡೆದೇ ಇಟ್ಟಿದ್ದೆ. ಊರ ಹೆಸರಿನ ಬೋರ್ಡನ್ನು ಬ್ರಷ್ಷಿನಿಂದ ಕೈಯಾರೆ ಬರೆದಿದ್ದೆ. ಗೋಡೆಗೆ ಗೋಡೆ ಕೂಡಿದಾಗ ನಡುವೆ ಕೂದಲು ತೂರುವಷ್ಟೂ ಸಂದಿಯಿರಲಿಲ್ಲ.

ನೂಲಿನವರು ಅಸಲು ಸ್ಟೇಷನ್ನು ನೋಡಿಕೊಂಡು ನೇರವಾಗಿ ನಮ್ಮನೆಗೆ ಬಂದರು. ಮಾದರಿ ನೋಡಿದ ಕೂಡಲೇ ಹುಬ್ಬು ಮೇಲೆ ಹೋಯಿತು. ಮುಕ್ಕಾಲು ಗಂಟೆ ನೋಡಿದರು. ನಾನು ಎದುರಿಗೇ ನಿಂತಿದ್ದೆ. ಭೂತಗನ್ನಡಿ ಕೆಳಗಿಟ್ಟು, ನನ್ನ ಮುಖ ನೋಡಿ, ಮೆಲ್ಲಗೆ ಅಂದರು: "ತಪ್ಪಿಲ್ಲ."

ಅಯ್ಯೋ, ನನಗೆ ಕಣ್ಣಲ್ಲಿ ನೀರೇ ಬಂತು! ಬೀದಿಗೆಲ್ಲ ಮೈಸೂರ್‌ಪಾಕು ಹಂಚಿದೆ. ಕಾರ್ಖಾನೆಯಲ್ಲಿ ರೈಲು ನೋಡದವರಿಗೂ ಕಥೆ ಹೇಳಿದೆ. ಒಂದು ತಿಂಗಳು ಇಟ್ಟುಕೊಂಡು ಮೆರೆದು, ಅಷ್ಟಕ್ಕೂ ತೃಪ್ತಿಯಾಗದೆ, ಮಾದರಿಯನ್ನು ಆ ಸ್ಟೇಷನ್ನಿಗೇ ಕಾಣಿಕೆ ಕೊಡೋಣ ಅಂತ ತೆಗೆದುಕೊಂಡು ಹೋದೆ. ಸ್ಟೇಷನ್ ಮಾಸ್ಟರ್ ಎದ್ದು ನಿಂತು ಕೈಕುಲುಕಿದರು. ಸುತ್ತ ತಿರುಗಿ ನೋಡಿದರು.

"ರೊಂಬ ನಲ್ಲಾ ಇರುಕ್ಕು ಸಾರ್, ಬಹಳ ಚೆನ್ನಾಗಿದೆ" ಅಂದರು. "ಇದು ಯಾವ ಊರಿನ ಸ್ಟೇಷನ್ನು? ಬೋರ್ಡು ಮಾತ್ರ ಯಾಕೆ ನಮ್ಮೂರದ್ದು ಹಾಕಿದೀರಿ?"

ನಾನು ಹೊರಗೆ ಬಂದು ಹಳಿ ದಾಟಿ ನಿಂತು ಮೊದಲ ಸಲ ನಕ್ಷೆಯಿಲ್ಲದೆ ಕಟ್ಟಡವನ್ನು ನೋಡಿದೆ. ಟಿಕೆಟ್ ಕೌಂಟರು ಎಡಕ್ಕಿತ್ತು, ನನ್ನದರಲ್ಲಿ ಬಲಕ್ಕೆ. ಮಾಸ್ಟರ ಕೋಣೆ ಬಲಕ್ಕಿತ್ತು, ನನ್ನದರಲ್ಲಿ ಎಡಕ್ಕೆ. ಕನ್ನಡಿಯಲ್ಲಿ ಕಂಡ ಹಾಗೆ ಇಡೀ ಸ್ಟೇಷನ್ನು ತಿರುಗಿ ನಿಂತಿತ್ತು! ಮುಖ ಕೆಳಗೆ ಮಾಡಿ ತಿಕ್ಕಿದರೆ ಎಡ ಬಲವಾಗದೆ ಇನ್ನೇನಾಗುತ್ತದೆ? ಹಿಂದಿನ ಕಟ್ಟಡಗಳೆಲ್ಲ ಎಡಬಲ ಒಂದೇ ಥರ ಇದ್ದವು, ಗೊತ್ತಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಡ್ರಾಫ್ಟ್ಸ್‌ಮನ್ ಕೆಲಸ ಮಾಡಿದವನು ನಾನು. ನಾಚಿಕೆಯಾಗಬೇಕು.

ಮಾದರಿಯನ್ನು ಎದೆಗವಚಿಕೊಂಡು ಅಲ್ಲಿಂದ ಸೀದಾ ಪಲ್ಲಡಂಗೆ ಹೋದೆ. ನೂಲಿನವರು ಅಂಗಡಿಯಲ್ಲಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿದೊಡನೆ ತಲೆ ತಗ್ಗಿಸಿದರು.

"ಗೊತ್ತಿತ್ತಾ ಅಣ್ಣಾ?"

"ನೋಡಿದ ಕೂಡ್ಲೆ ಗೊತ್ತಾಯ್ತು ಸಾರ್."

"ಮತ್ಯಾಕೆ ತಪ್ಪಿಲ್ಲ ಅಂದ್ರಿ?"

"ನಿಮ್ಮ ಮುಖ ನೋಡಿದೆ. ಪರೀಕ್ಷೆ ರಿಸಲ್ಟಿಗೆ ನಿಂತೋರ ಥರ ಇತ್ತು. ಬಾಯೇ ಬರಲಿಲ್ಲ."

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಒಂಬತ್ತು ವರ್ಷ ಕಾದು ಪಡೆದ ಮಾತು, ಭಿಕ್ಷೆ ಹಾಕಿದ್ದು ಅಂತ ತಿಳಿದರೆ ಹೇಗಾಗಬೇಡ? ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು ಬಂತು. ಆದರೂ ಆಸೆ ನೋಡಿ, ಸಾಯುವುದಿಲ್ಲ ಅದು. ಮಾದರಿಯನ್ನು ಅವರ ಮುಂದಿಟ್ಟು ಕೇಳಿದೆ:

"ಸರಿ, ತಿರುಗಿದ್ದೊಂದು ಬಿಡಿ. ಅದು ಬಿಟ್ರೆ ಬೇರೆ ತಪ್ಪಿರಲಿಲ್ಲ, ಅಲ್ವಾ ಅಣ್ಣಾ?"

ಅವರು ಅಂಗಿ ಜೇಬಿಗೆ ಕೈ ಹಾಕಿದರು. ಮಡಿಸಿದ ಚೀಟಿಯೊಂದು ಹೊರಬಂತು. ಒಂದು ತಿಂಗಳಿಂದ ಜೇಬಿನಲ್ಲೇ ಇದ್ದು ಮಡಿಕೆಯಲ್ಲಿ ಹರಿದಿತ್ತು. ಅವರ ಮುಖದಲ್ಲಿ ದೊಡ್ಡ ಭಾರ ಇಳಿಸಿದ ನೆಮ್ಮದಿ ಕಂಡಿತು.

"ಹದಿನಾಲ್ಕು" ಅಂದರು. "ಓದ್ಲಾ ಸಾರ್?"