ನಮ್ಮ ಮಾವನ ಚಾಕುವಿನ ಡಬ್ಬಿ

ನಮ್ಮ ಮಾವನಷ್ಟು ಚಾಕು ಇಟ್ಟುಕೊಂಡ ಮನುಷ್ಯ ನಿಜಾಮರ ಇಡೀ ರಾಜ್ಯದಲ್ಲಿ ಇನ್ನೊಬ್ಬನಿರಲಿಲ್ಲ. ಅವರಷ್ಟು ಪುಕ್ಕಲನೂ ಇನ್ನೊಬ್ಬನಿರಲಿಲ್ಲ! ಹಲ್ಲಿ ಲೊಚಗುಟ್ಟಿದರೆ ಎದ್ದು ಕೂಡುವವರು, ಜಿರಲೆ ಕಂಡರೆ ಅತ್ತೆಯನ್ನು ಕೂಗುವವರು. ಇಂಥವರ ಅಂಗಿಯ ಕಿಸೆಯಲ್ಲಿ ರಾಂಪುರದ ಮಡಚು ಚಾಕು ಯಾಕೆ ಬೇಕಿತ್ತು, ನೀವೇ ಹೇಳಿ?

ಹಿರಿಯರನ್ನು ಹೀಗೆ ಆಡಿಕೊಳ್ಳಬಹುದೇ ಎಂದು ಕೇಳಬೇಡಿ. ನನಗೆ ಹಕ್ಕಿದೆ. ಅವರು ನನ್ನ ತಾಯಿಯ ಅಣ್ಣ. ಅವರ ಹಿರಿಯ ಮಗನಿಗೇ ನನ್ನನ್ನು ಕೊಟ್ಟಿದ್ದರಿಂದ ಗಂಡನ ತಂದೆಯೂ ಹೌದು. ಎರಡೂ ಕಡೆಯಿಂದ ಮಾವ! ಬರೀ ಸೊಸೆಯಾಗಿದ್ದರೆ ಸೆರಗು ಹೊದ್ದು ಸುಮ್ಮನಿರಬೇಕಾಗುತ್ತಿತ್ತು. ತಂಗಿಯ ಮಗಳಾದ್ದರಿಂದ ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಈಗಿನ ಬಸವಕಲ್ಯಾಣಕ್ಕೆ ಆಗ ಬರೀ ಕಲ್ಯಾಣಿ ಅನ್ನುತ್ತಿದ್ದರು. ಅಲ್ಲಿ ನಮ್ಮದು ಅರಿವೆಯ ಅಂಗಡಿ. ಸೊಲ್ಲಾಪುರದಿಂದ ಬಂದ ಗಂಟು ಬಿಚ್ಚಬೇಕಾದರೆ ಮಾವ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಸಡಿಲಿಸುತ್ತಿದ್ದರು. ಕಿಸೆಯಲ್ಲಿ ಚಾಕು ಇತ್ತಲ್ಲ? ಇತ್ತು. ಆದರೆ ಅದು ಹಗ್ಗಕ್ಕಲ್ಲ! ಯಾವುದಕ್ಕೆ ಅಂತ ಆ ಶಿವನಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಒಂದು ದೊಡ್ಡ ತಗಡಿನ ಡಬ್ಬಿ, ಅದರ ತುಂಬ ಚಾಕುಗಳು. ಹಿತ್ತಾಳೆ ಹಿಡಿಯದು, ಎಲುಬಿನ ಹಿಡಿಯದು, ಜಿಂಕೆ ಕೊಂಬಿನದು, ಮೀನಿನ ಆಕಾರದ್ದು, ಮುಂಬಯಿಯಿಂದ ತರಿಸಿದ್ದು. ಒಂದೊಂದಕ್ಕೂ ಮಲ್‌ಮಲ್ ಬಟ್ಟೆಯ ಹೊದಿಕೆ. ನಮ್ಮ ಮಕ್ಕಳಿಗೆ ಅಂಥ ಮೆತ್ತನೆಯ ಕುಂಚಿಗೆ ಸಿಗಲಿಲ್ಲ. ಅಡುಗೆಮನೆಯಲ್ಲಿ ಮಾತ್ರ ಅಜ್ಜಿಯ ಕಾಲದ ಮೊಂಡ ಈಳಿಗೆ. ಹೊರಗೆ ಪಂಕ್ತಿ ಕೂತಿದೆ, ಒಳಗೆ ನಾನೂ ಅತ್ತೆಯೂ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದುತ್ತಿದ್ದೇವೆ!

ಒಂದು ದಿನ ತಾಳ್ಮೆ ತಪ್ಪಿ ಕೇಳಿಯೇಬಿಟ್ಟೆ.

"ಮಾವಾ, ಒಂದ ಚಾಕು ಕೊಡ್ರಿ. ಬದನಿಕಾಯಿ ಹೆಚ್ಚಬೇಕು."

ಮಾವ ನಾನು ಅವರ ಗುಂಡಿಗೆ ಕೇಳಿದೆನೋ ಎಂಬಂತೆ ನೋಡಿದರು. "ಅವು ಹೆಚ್ಚೂವಲ್ಲವಾ."

"ಮತ್ತ ಪೂಜಾ ಮಾಡೂವೇನು?"

ಕೇಳಬಾರದಿತ್ತು. ಆ ವರ್ಷದ ಖಂಡೇನವಮಿಯಂದು ಊರವರೆಲ್ಲ ನೇಗಿಲು, ತಕ್ಕಡಿ ಇಟ್ಟು ಪೂಜಿಸಿದರೆ ನಮ್ಮ ಮಾವ ಚಾಕುಗಳನ್ನೆಲ್ಲ ಮಣೆಯ ಮೇಲೆ ಮಲಗಿಸಿ ಒಂದೊಂದಕ್ಕೂ ವಿಭೂತಿ ಹಚ್ಚಿದರು. ಅದಕ್ಕೂ ಮೊದಲು ಎಣ್ಣೆ ಸ್ನಾನ. ಎಣ್ಣೆ ಯಾವುದು? ಅತ್ತೆ ತಲೆಗೆಂದು ಅಡಗಿಸಿಟ್ಟಿದ್ದ ಕೊಬ್ಬರಿ ಎಣ್ಣೆ! ಕುಸುಬಿ ಎಣ್ಣೆ ಹಚ್ಚಿದರೆ ಕೀಲು ಅಂಟು ಹಿಡಿಯುತ್ತದಂತೆ. ಆ ಹಬ್ಬದಲ್ಲಿ ಅತ್ತೆಯ ಕೂದಲು ಒಣಗಿದ ತೊಗರಿ ಕಟ್ಟಿಗೆಯಂತೆ ಎದ್ದು ನಿಂತಿತ್ತು, ಚಾಕುಗಳು ಮದುಮಕ್ಕಳಂತೆ ಮಿಂಚುತ್ತಿದ್ದವು. ಅತ್ತೆ ಎರಡು ದಿನ ಮಾತು ಬಿಟ್ಟರು. ಮಾವನಿಗೆ ಅದು ತಿಳಿದದ್ದು ಮೂರನೆಯ ದಿನ, ಅವರು ಮತ್ತೆ ಮಾತಾಡಿದಾಗ.

ಹುಚ್ಚು ಒಬ್ಬರಿಗೇ ಇದ್ದರೆ ಔಷಧ ಮಾಡಬಹುದು. ಜೊತೆಗಾರರು ಸಿಕ್ಕರೆ ಏನು ಮಾಡುವುದು? ಹುಮನಾಬಾದಿನಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಸಾಹೇಬರಿದ್ದರು. ಅವರದೂ ಇದೇ ರೋಗ. ಮೂರನೆಯವರು ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತರಾದ ಒಬ್ಬ ಪೇಶಕಾರರು, ಕಿವಿ ಸ್ವಲ್ಪ ಮಂದ. ಸಂತೆಯ ದಿನ ಬಂತೆಂದರೆ ಮಾವನಿಗೆ ಹುಮನಾಬಾದಿನಲ್ಲಿ ಏನಾದರೊಂದು ಅರ್ಜೆಂಟು ಕೆಲಸ. ಅಂಗಡಿಗೆ ಗಿರಾಕಿ ಬರಲಿ, ಬಿಡಲಿ, ಬೆಳಗಿನ ಮೋಟಾರಿಗೆ ಇವರು ಹಾಜರ್!

ನನ್ನ ತವರು ನಿರ್ಣಾ. ಒಮ್ಮೆ ನನ್ನನ್ನು ಬಿಟ್ಟುಬರಲು ಹೊರಟ ಮಾವ, ದಾರಿಯಲ್ಲಿ "ಒಂದ ಘಳಿಗಿ" ಎಂದು ಸಾಹೇಬರ ಅಂಗಡಿಯಲ್ಲಿ ಇಳಿಸಿದರು. ಆಗ ನೋಡಿದೆ ಇವರ ದರ್ಬಾರು! ನೆಲದ ಮೇಲೆ ಬಿಳಿ ಬಟ್ಟೆ ಹಾಸಿದೆ. ಹೊಸ ಚಾಕು ತಂದವರು ಅದನ್ನು ಬಟ್ಟೆಯ ಮೇಲೆ ಇಡಬೇಕು, ನೋಡುವವರು ಅಲ್ಲಿಂದ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಚಾಕು ಕೊಟ್ಟರೆ ಸ್ನೇಹ ಕಡಿಯುತ್ತದಂತೆ. ಆಮೇಲೆ ಎಲ್ಲರೂ ಕಣ್ಣು ಮುಚ್ಚುತ್ತಾರೆ. ತಂದವರು ಚಾಕು ಬಿಚ್ಚುತ್ತಾರೆ. ಕಟಕ್!

"ಸುಭಾನಲ್ಲಾ!" ಎಂದರು ಸಾಹೇಬರು. "ಇನ್ನೊಂದ ಸಲ, ಸಾವಕಾರ್ರ."

ಕಟಕ್!

"ಕೀಲು ಹಳೇದದ. ಆದ್ರ ಆವಾಜ್ ನೋಡ್ರಿ, ಏನ್ ನಜಾಕತ್ತು!"

"ನೀವ ಬಲ್ಲವರ್ರಿ, ಸಾಹೇಬ್ರ," ಎಂದು ಮಾವ ನಾಚಿ ಕೆಂಪಾದರು. ನನ್ನ ಮದುವೆಯ ದಿನ ನನಗೂ ಅಷ್ಟು ನಾಚಿಕೆ ಬಂದಿರಲಿಲ್ಲ. ಇವರಿಬ್ಬರಿಗಿಂತಲೂ ಮೊದಲು, ಎಲ್ಲರಿಗಿಂತ ಜೋರಾಗಿ "ವಾಹ್ ವಾಹ್!" ಎಂದವರು ಯಾರು ಗೊತ್ತೇ? ಕಿವಿ ಕೇಳಿಸದ ಪೇಶಕಾರರು!

ಆ ಒಂದು ಘಳಿಗೆ ಮುಗಿಯುವಷ್ಟರಲ್ಲಿ ನಿರ್ಣಾದ ಬಂಡಿ ಹೊರಟುಹೋಗಿ, ಸಂತೆ ಎದ್ದು, ನನ್ನ ಬುತ್ತಿಯ ರೊಟ್ಟಿ ಒಣಗಿ ಖಟಿಯಾಗಿತ್ತು. ತವರಿಗೆಂದು ಹೊರಟವಳು ಗಂಡನ ಮನೆಗೇ ಮರಳಿದೆ. ಅವ್ವ ಅಲ್ಲಿ ಹೋಳಿಗೆ ಮಾಡಿ ಕಾಯುತ್ತಿದ್ದಳಂತೆ!

ಇದೇನು ಮಹಾ, ಹುಲಸೂರಿನ ಕಥೆ ಕೇಳಿ. ನನ್ನ ಮೈದುನನಿಗೆ ಹೆಣ್ಣು ನೋಡಲು ಮಾವ ಅಲ್ಲಿಗೆ ಹೋದರು. ಹುಡುಗಿಯ ಅಜ್ಜ ಕಟ್ಟೆಯ ಮೇಲೆ ಕೂತು ಮಡಚು ಚಾಕುವಿನಿಂದ ಕಬ್ಬು ಸಿಗಿಯುತ್ತಿದ್ದನಂತೆ. ಮುಗಿಯಿತಲ್ಲ ಕಥೆ! ಹುಡುಗಿ ಅವಲಕ್ಕಿ ತಂದಿಟ್ಟಳು, ನಮಸ್ಕಾರ ಮಾಡಿದಳು, ಒಳಗೆ ಹೋದಳು. ಇವರು ಅಜ್ಜನ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತವರು ತಲೆಯೆತ್ತಲೇ ಇಲ್ಲ. ಸಂಜೆ ಮನೆಗೆ ಬಂದಾಗ ಮುಖದಲ್ಲಿ ಚಂದ್ರ ಮೂಡಿತ್ತು. ಅತ್ತೆ ಹಿಗ್ಗಿನಿಂದ ಕೇಳಿದರು, "ಹ್ಯಾಂಗದ್ರೀ?"

"ಭಾಳ ಛಲೋ ಅದ. ಅಂಥಾದ್ದು ಈ ಮುಲುಕಿನ್ಯಾಗ ಇಲ್ಲ."

"ಬಣ್ಣಾ?"

"ಹಿಡಿ ಸ್ವಲ್ಪ ಕರೀದದ. ತಿಕ್ಕಿದ್ರ ಹೋಗ್ತದ."

ಅತ್ತೆ ಹಣೆ ಹಣೆ ಬಡಿದುಕೊಂಡರು. ಅಲ್ಲಿ ಹುಲಸೂರಿನವರೋ, ಬೀಗರು ಇಷ್ಟು ಹೊತ್ತು ಕೂತು ಇಷ್ಟು ಪ್ರೀತಿಯಿಂದ ಮಾತಾಡಿದರೆಂದು ಸಕ್ಕರೆ ಹಂಚಿಬಿಟ್ಟಿದ್ದರು! ಮದುವೆ ಆಯಿತು. ನೆಗೆಣ್ಣಿ ಬಂಗಾರದಂಥವಳು, ನಮ್ಮ ಪುಣ್ಯ. ಮಾವ ಅವಳ ಮುಖ ಸರಿಯಾಗಿ ನೋಡಿದ್ದು ಮದುವೆಯ ಅಕ್ಕಿಕಾಳು ಹಾಕುವಾಗ. ಅಜ್ಜ ಮೊಮ್ಮಗಳ ಜೊತೆಗೆ ಆ ಚಾಕುವನ್ನೂ ಕಳಿಸಿದ್ದ. ಯಾರನ್ನು ಮೊದಲು ಮನೆ ತುಂಬಿಸಿಕೊಂಡರೆಂದು ಬೇರೆ ಹೇಳಬೇಕೇ?

ಹೀಗೆ ನಕ್ಕು, ಬೈದು ದಿನ ಕಳೆಯುತ್ತಿದ್ದಾಗ ಗದ್ದಲದ ಕಾಲ ಬಂತು. ನೆರೆಯ ಗೋರ್ಟಾದಲ್ಲಿ ನಿಜಾಮರ ಪರದ ರಜಾಕಾರರು ಜನರನ್ನು ಕೊಂದ ಸುದ್ದಿ ಬಂದ ದಿನ ನಮ್ಮ ಓಣಿಯಲ್ಲಿ ಒಲೆ ಹೊತ್ತಲಿಲ್ಲ. ರಜಾಕಾರರ ಹೆಸರು ಕೇಳಿದರೆ ಮಕ್ಕಳು ಅಳು ನಿಲ್ಲಿಸುತ್ತಿದ್ದವು. ಸಂತೆ ನಿಂತಿತು, ಮೋಟಾರು ನಿಂತಿತು. ಮಾವ ಡಬ್ಬಿಯನ್ನು ಜೋಳದ ಹಗೇವಿನಲ್ಲಿ ಹೂತಿಟ್ಟು, "ಸಾಹೇಬ್ರು ಹ್ಯಾಂಗದಾರೋ ಏನೋ" ಎಂದು ದಿನವೂ ಗೊಣಗುತ್ತಿದ್ದರು. ನಮ್ಮ ಜೀವವೇ ಕೈಯಲ್ಲಿದೆ, ಇವರಿಗೆ ಹುಮನಾಬಾದಿನ ಚಿಂತೆ ಎಂದು ನಾನು ಸಿಡಿಮಿಡಿಗೊಳ್ಳುತ್ತಿದ್ದೆ.

ಆಮೇಲೆ ಹಿಂದೂಸ್ತಾನದ ದಂಡು ಬಂತು. ನಿಜಾಮರ ಆಳ್ವಿಕೆ ಮುಗಿಯಿತು, ರಜಾಕಾರರು ಓಡಿದರು. ಈಗ ಮುಸಲ್ಮಾನರ ಮೇಲೆ ಸಿಟ್ಟು ತೀರಿಸುವ ಸರದಿ ನಮ್ಮವರದು. ತಪ್ಪು ಮಾಡಿದವರು ಕೈಗೆ ಸಿಗಲಿಲ್ಲ. ಕೈಗೆ ಸಿಕ್ಕವರು ತಪ್ಪು ಮಾಡಿರಲಿಲ್ಲ. ಆದರೆ ಅದನ್ನು ಯಾರು ಕೇಳುತ್ತಾರೆ? ಒಂದು ಮಧ್ಯಾಹ್ನ ಓಣಿಯ ಹರೆಯದ ಹುಡುಗರು ನಾಲ್ಕೈದು ಜನ ನಮ್ಮ ಬಾಗಿಲಿಗೆ ಬಂದರು.

"ಕಾಕಾ, ಆ ಡಬ್ಬಿ ತೆಗೀರಿ. ಇವತ್ತ ನಿಮ್ಮ ಚಾಕು ಕೆಲಸಕ್ಕ ಬರ್ತಾವ."

ಮಾವ ಹೊಸ್ತಿಲಿಗೆ ಬಂದರು. "ಎಲ್ಲಾ ಮೊಂಡ ಅದಾವಪ್ಪಾ. ಬೆಣ್ಣೀನೂ ಕೊಯ್ಯಂಗಿಲ್ಲ," ಎಂದರು. ತಮ್ಮ ಚಾಕುಗಳಿಗೆ ಮೊಂಡ ಅಂದವನ ಜೊತೆ ಮಾತು ಬಿಡುತ್ತಿದ್ದ ಮನುಷ್ಯ!

"ಇರ್ಲಿ, ಸಾಣಿ ಹಿಡಸ್ಕೋತೀವಿ."

"ಹೂತಿಟ್ಟೀನಿ. ಸಂಜೀಕ ಬರ್ರಿ, ತೆಗದಿಡ್ತೀನಿ."

ಅವರು ಹೋದರು. ಈ ಜಿಪುಣ ಮಾವ ಡಬ್ಬಿಯನ್ನು ಇನ್ನೂ ಆಳಕ್ಕೆ ಹೂಳುತ್ತಾರೆ, ಜೀವ ಹೋದರೂ ಬಿಡುವವರಲ್ಲ ಎಂದುಕೊಂಡೆ. ಮಾವ ಡಬ್ಬಿ ಹೊತ್ತು ಹಿತ್ತಲ ಬಾವಿಗೆ ಹೋದರು. ಕಟ್ಟೆಯ ಮೇಲೆ ಕೂತು ಒಂದೊಂದೇ ಚಾಕುವಿನ ಬಟ್ಟೆ ಬಿಚ್ಚಿ, ಧೋತರದ ಚುಂಗಿನಿಂದ ಒರೆಸಿ, ನೀರಿಗೆ ಬಿಡತೊಡಗಿದರು. ಅತ್ತೆ ಓಡಿಬಂದರು.

"ಏನ್ ಮಾಡಾಕತ್ತೀರಿ! ಕುಡಿಯೂ ನೀರಾಗ!"

"ಸಾಹೇಬ್ರು ಪ್ರೀತೀಲೆ ಹಿಡದು ನೋಡಿದ್ದು ಇವು," ಎಂದರು ಮಾವ. "ಅವರಂಥಾವರ ಮೈಮ್ಯಾಲ ಹೋಗಬಾರದು."

ಅತ್ತೆ ಬಿಚ್ಚಿ ಬಿದ್ದ ಬಟ್ಟೆಗಳನ್ನು ಆಯ್ದುಕೊಂಡರು. ಹುಲಸೂರಿನ ಅಜ್ಜನದು ಕೊನೆಗೆ ಹೋಯಿತು. ಸಂಜೆ ಆ ಹುಡುಗರು ಬಂದಾಗ ಮಾವ ಖಾಲಿ ಡಬ್ಬಿ ತೋರಿಸಿದರು. ಹೇಡಿ ಎಂದರು, ಮನೆಮುರುಕ ಎಂದರು, ಒಬ್ಬ ಎದೆಗೆ ಕೈಹಾಕಿ ದೂಡಿಯೂಬಿಟ್ಟ. ಮಾವ ಗೋಡೆಗೆ ಆತು ಎಲ್ಲವನ್ನೂ ಕೇಳಿಸಿಕೊಂಡರು. ಜಿರಲೆಗೆ ಅಂಜುವ ಮನುಷ್ಯ ಆ ಬಾಗಿಲು ಬಿಟ್ಟು ಕದಲಲಿಲ್ಲ.

ಮೋಟಾರು ಮತ್ತೆ ಶುರುವಾದ ದಿನವೇ ಮಾವ ಹುಮನಾಬಾದಿಗೆ ಹೊರಟರು. ಒಬ್ಬರನ್ನೇ ಬಿಡಲು ನನಗೆ ಧೈರ್ಯವಾಗದೆ, ನಿರ್ಣಾಕ್ಕೆ ಹೋಗುವ ನೆಪ ಮಾಡಿ ಜೊತೆಗೆ ಹೋದೆ. ಸಾಹೇಬರ ಅಂಗಡಿಯ ಬಾಗಿಲು ಒಡೆದಿತ್ತು. ಗಡಿಯಾರದ ಬಿಲ್ಲೆಗಳು ಮಣ್ಣಿನಲ್ಲಿ ಬಿದ್ದಿದ್ದವು. ಮಾವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಿಂದಿನ ಮನೆಯ ಬಾಗಿಲು ಬಡಿದಾಗ ಎಷ್ಟೋ ಹೊತ್ತಿನ ಮೇಲೆ ಅಗಳಿ ಸರಿಯಿತು. ಸಾಹೇಬರು ಬದುಕಿದ್ದರು! ಗಡ್ಡ ಪೂರಾ ಬೆಳ್ಳಗಾಗಿತ್ತು.

"ಬರೀ ಕೈಲೆ ಬಂದೀನ್ರಿ, ಸಾಹೇಬ್ರ," ಎಂದು ಮಾವ ತೊದಲಿದರು. "ಎಲ್ಲಾ ಬಾವ್ಯಾಗ ಹಾಕಿದೆ."

"ನನ್ನವೂ ಹೋದವ್ರಿ. ಹೋಗ್ಲಿ ಬಿಡ್ರಿ. ಕೂಡ್ರಿ."

ಇಬ್ಬರೂ ಕೂತರು. ಆಮೇಲೆ ಏನು ಮಾತಾಡುವುದು? ಚಾಕು ಬಿಟ್ಟರೆ ಇವರಿಗೆ ಬೇರೆ ಮಾತೇ ಗೊತ್ತಿರಲಿಲ್ಲ. ಬಹಳ ಹೊತ್ತು ಕೆಮ್ಮಿ, ಗಂಟಲು ಸರಿಮಾಡಿಕೊಂಡು ಸಾಹೇಬರು ಕೇಳಿದರು, "ನಿಮಗ ಮಕ್ಕಳೆಷ್ಟ್ರೀ, ಸಾವಕಾರ್ರ?"

ನನಗೆ ನಗು ಬರುವುದರಲ್ಲಿತ್ತು. ಇಷ್ಟು ವರ್ಷದ ಸ್ನೇಹ, ಒಬ್ಬರ ಚಾಕುವಿನ ಮೊಳೆ ಮೊಳೆಯೂ ಇನ್ನೊಬ್ಬರಿಗೆ ಬಾಯಿಪಾಠ, ಮಕ್ಕಳೆಷ್ಟೆಂದು ಇಬ್ಬರಿಗೂ ಗೊತ್ತಿಲ್ಲ!

"ಇಬ್ಬರು ಗಂಡಸ ಮಕ್ಕಳ್ರಿ. ಇಕಿ ಹಿರೀ ಸೊಸಿ, ನಮ್ಮ ತಂಗೀ ಮಗಳು," ಎಂದರು ಮಾವ. "ನಿಮಗ?"

"ಒಬ್ಬಾವ ಇದ್ದ," ಎಂದರು ಸಾಹೇಬರು.

ಒಳಗಿನ ಪರದೆಯ ಹಿಂದೆ ಯಾರೋ ಹೆಂಗಸು ಬಿಕ್ಕಿದರು. ಮಾವ ಚಾಪೆಯ ಮೇಲೆ ಮುಂದಕ್ಕೆ ಸರಿದು ಕೂತರು.

"ಅವನ ಹೆಸರೇನ್ರಿ?"

ಸಾಹೇಬರು ಹೆಸರು ಹೇಳಿದರು. ಮಾವ ಸುಮ್ಮನಾಗಲಿಲ್ಲ. ಹ್ಯಾಂಗಿದ್ದ, ಯಾರಂಗ ಇದ್ದ, ಏನು ಓದಿದ್ದ, ಸಣ್ಣವನಿದ್ದಾಗ ಏನು ತುಂಟಾಟ ಮಾಡುತ್ತಿದ್ದ, ಏನು ತಿನ್ನುತ್ತಿದ್ದ ಎಂದು ಒಂದೊಂದಾಗಿ ಕೇಳಿದರು. ಸಾಹೇಬರು ಹೇಳುತ್ತಾ ಹೋದರು. ನಡುವೆ ಒಮ್ಮೆ, ಮಗ ಮಾವಿನ ಗಿಡದಿಂದ ಬಿದ್ದು ತಾಯಿಯ ಮುಂದೆ ‘ನಾ ಬಿದ್ದೇ ಇಲ್ಲ’ ಎಂದು ವಾದಿಸಿದ್ದು ನೆನಪಾಗಿ ನಕ್ಕರು, ನಗುತ್ತಲೇ ಅತ್ತರು. ಮಾವನೂ ಅತ್ತರು. ನಾನು ಪರದೆಯ ಒಳಗೆ ಹೋಗಿ ಆ ತಾಯಿಯ ಹತ್ತಿರ ಕೂತೆ.

ಊರಿಗೆ ಮರಳುವಾಗ ಮೋಟಾರಿನಲ್ಲಿ ಮಾವ ಕಿಟಕಿಯಾಚೆಯ ಜೋಳದ ಹೊಲಗಳನ್ನೇ ನೋಡುತ್ತಿದ್ದರು. ಕಲ್ಯಾಣಿ ಹತ್ತಿರ ಬಂದಾಗ ಕೇಳಿದರು, "ಆ ಹುಡುಗ ಬದುಕಿದ್ದಾಗ ನಾ ಯಾಕ ಒಮ್ಮೆನೂ ಕೇಳಲಿಲ್ಲವಾ?"

ಅಷ್ಟು ವರ್ಷ ಅವರ ಒಂದು ಮಾತಿಗೆ ಹತ್ತು ಮಾತು ಕೊಟ್ಟವಳು ನಾನು. ಅಂದು ಅವರ ಹೆಗಲಿನ ಶಲ್ಯ ಸರಿಮಾಡಿ, "ಇವತ್ತ ಕೇಳೀರಲ್ಲ, ಮಾವಾ," ಎಂದೆ.