ಗಂಡು ಹೆಣ್ಣು ಸೇರಿ ಹಾಡಿದರೆ

ಮನುಷ್ಯರಿಗೆ ಗುಟ್ಟುಗಳಿರಬೇಕು; ಆದರೆ ಅವು ಬ್ಲೂಟೂತಿಗೆ ಸಿಗುವಷ್ಟು ಹತ್ತಿರದಲ್ಲಿರಬಾರದು. ನನ್ನ ಗುಟ್ಟು ಒಂದು ಹಾಡು. ತೊಂಬತ್ತರ ದಶಕದ ಇಂಗ್ಲೆಂಡಿನ ಗಿಟಾರ್ ತಂಡವೊಂದರ ಆಲ್ಬಮ್ಮಿನದು. ಅದೊಂದಕ್ಕಾಗಿಯೇ ಹೊರಗಿನಿಂದ ಒಬ್ಬ ಗಾಯಕಿಯನ್ನು ಕರೆಸಿದ್ದಾರೆ. ಆಕೆ ಅತಿಥಿಯಾಗಿ ಬಂದು, ತಂಡದ ಗಾಯಕನ ಸಾಲಿಗೆ ಸಾಲು ಜೋಡಿಸಿ, ಹಾಡು ಮುಗಿಯುವಷ್ಟರಲ್ಲಿ ಅವನನ್ನು ಬಿಟ್ಟು ಹೋಗುತ್ತಾಳೆ. ನಮ್ಮ ಕಡೆ ಸಂಬಂಧ ಮುರಿಯಬೇಕಾದರೆ ಎರಡೂ ಕಡೆಯ ಸೋದರಮಾವಂದಿರು, ಊರಿನ ಯಜಮಾನರು, ಮೂರು ಸುತ್ತು ಕಾಫಿ ಬೇಕು. ಅವರಿಬ್ಬರು ನಾಲ್ಕೇ ನಿಮಿಷದಲ್ಲಿ ಮುಗಿಸುತ್ತಾರೆ. ಕಳೆದ ವರ್ಷ ರಾಮನಗರ ಸ್ಟೇಷನ್ನಿನಲ್ಲಿ ಒಬ್ಬರೊಂದಿಗೆ ನಾನೂ ಹೀಗೆಯೇ ಮುಗಿಸಿಕೊಂಡೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಂದು ನನ್ನ ಬಾಯಿಗೆ ಬಾರದ ಮಾತುಗಳನ್ನೆಲ್ಲ ಆ ಗಾಯಕಿ ದಿನಾ ರೈಲಿನಲ್ಲಿ ನನ್ನ ಪರವಾಗಿ ಹೇಳುತ್ತಾಳೆ.

ಚಿಕ್ಕಪ್ಪನ ಮಗಳು ಸುಷ್ಮಾಳ ಲಗ್ನಪತ್ರಿಕೆಯನ್ನು ದೇವರ ಮುಂದಿಡಲು ಚಿಕ್ಕಪ್ಪನ ಕಾರಿನಲ್ಲಿ ಎಲ್ಲರೂ ದೊಡ್ಡಮಳೂರಿಗೆ ಹೊರಟಿದ್ದೆವು. ನನ್ನ ಫೋನು ನನ್ನನ್ನೊಂದು ಮಾತೂ ಕೇಳದೆ ಕಾರಿನ ಸ್ಪೀಕರಿನಲ್ಲಿ ಅದೇ ಹಾಡನ್ನು ಹಾಡತೊಡಗಿತು.

"ಒಸಿ ಜೋರಾಗ್ ಮಡಗವ್ವ," ಎಂದರು ಚಿಕ್ಕಪ್ಪ. "ಗಂಡೂ ಹೆಣ್ಣೂ ಎಷ್ಟ್ ಅನ್ಯೋನ್ಯವಾಗ್ ಹಾಡ್ತಾವ್ರೆ!"

"ಅಕ್ಕ, ನಮ್ ಮದ್ವೆ ವಿಡಿಯೋಗೆ ಇದ್ನೇ ಹಾಕ್ಸಾಣ ಕಣೆ," ಎಂದಳು ಸುಷ್ಮಾ.

"ಬೇಡ ಕಣೆ, ತುಂಬಾ ಹಳೇದು."

"ನಿಮ್ ಚಿಕ್ಕವ್ವನೂ ಹಳೇದೇಯ, ನಾನೇನ್ ಬುಟ್ಬುಟ್ಟಿದ್ದೀನಾ?" ಎಂದು ಚಿಕ್ಕಪ್ಪ ನಕ್ಕರು.

"ಬುಟ್ ನೋಡಿ ಒಂದ್ಸಲ, ಮುದ್ದೆ ಯಾರ್ ಮಾಡಾಕ್ತಾರೆ ನೋಡಾಣ," ಎಂದರು ಹಿಂದಿನ ಸೀಟಿನಿಂದ ಚಿಕ್ಕಮ್ಮ.

ತಪ್ಪು ಅವರದಲ್ಲ. ನಮ್ಮ ಸಿನಿಮಾಗಳಲ್ಲಿ ದುಃಖವನ್ನು ಒಬ್ಬರೇ, ಅದೂ ಬೆಟ್ಟ ಹತ್ತಿ, ಹಾಡುತ್ತಾರೆ. ಇಬ್ಬರು ಹಾಡಿದರೆ ಅದು ಪ್ರೀತಿ, ಹೆಚ್ಚೆಂದರೆ ಹುಸಿಮುನಿಸು. 'ಇವರು ಬೇರೆಯಾಗುತ್ತಿದ್ದಾರೆ' ಎಂದು ಹೇಳಿಬಿಡಬಹುದಿತ್ತು. ಆದರೆ ಪಕ್ಕದಲ್ಲೇ ಅಮ್ಮ ಇದ್ದಳು. "ಹಂಗಾದ್ರೆ ಇದ್ನ ನೀನ್ಯಾಕೆ ಕೇಳ್ತೀಯವ್ವ?" ಎಂಬ ಅವಳ ಪ್ರಶ್ನೆ ನನಗೆ ಮುಂಚಿತವಾಗಿಯೇ ಕೇಳಿಸಿತು. ಫೋನಿನ ಸದ್ದನ್ನು ಇನ್ನೊಂದಿಷ್ಟು ಏರಿಸಿದೆ. ತಂಗಿಯ ದಾಂಪತ್ಯಕ್ಕಿಂತ ನನ್ನ ಮರ್ಯಾದೆ ದೊಡ್ಡದೆಂದು ತೀರ್ಮಾನಿಸಲು ನನಗೆ ಮುಂದಿನ ರೋಡ್ ಹಂಪಿನವರೆಗೂ ಸಮಯ ಬೇಕಾಗಲಿಲ್ಲ.

ಮದುವೆಯ ದಿನ ಮುಹೂರ್ತ ಮುಗಿದ ಮೇಲೆ ಛತ್ರದ ಪರದೆಯ ಮೇಲೆ ವಿಡಿಯೊ ಬಂತು. ರಾಮನಗರದ ಬಂಡೆಯ ಮೇಲೆ ಇಬ್ಬರೂ ನಿಧಾನಗತಿಯಲ್ಲಿ ಓಡಿದರು. 'ಇನ್ನು ನಿನ್ನ ಮುಖ ನೋಡಲಾರೆ' ಎಂಬರ್ಥದ ಸಾಲಿಗೆ ಸರಿಯಾಗಿ ಸುಷ್ಮಾ ವರನ ಕೂಲಿಂಗ್ ಗ್ಲಾಸ್ ತೆಗೆದು ಮುಖ ನೋಡಿದಳು. ಜನ ಚಪ್ಪಾಳೆ ತಟ್ಟಿದರು. ಅಮ್ಮನಂತೂ ಕಣ್ಣೊರೆಸಿಕೊಂಡಳು.

ಫೋಟೊಗೆಂದು ವೇದಿಕೆ ಹತ್ತಿದಾಗ ವರ ಗಿರೀಶ ಮೆಲ್ಲಗೆ, "ಅಕ್ಕ, ಆ ಹಾಡಿನ್ ಅರ್ಥ ನಂಗ್ ಮೊದ್ಲೇ ಗೊತ್ತಿತ್ತು," ಎಂದ.

ನಾನು ಅವನತ್ತ ತಿರುಗಿದೆ. "ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ, ನಿಮಗ್ ಹೆಂಗ್ ಗೊತ್ತು ಅಂತ ಸುಷ್ಮಾ ನನ್ನೇ ಕೇಳ್ತಿದ್ಲು. ಅದಿರ್ಲಿ, ನೀವ್ಯಾಕ್ ಹೇಳ್ಲಿಲ್ಲ?"

ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುವ ನಾನು ಕ್ಯಾಮೆರಾದತ್ತ ನಗುತ್ತ ಅಂದೆ: "ಅಯ್ಯೋ, ಹೌದಾ? ನಂಗೆಲ್ಲಿ ಅಷ್ಟೊಂದು ಇಂಗ್ಲಿಷ್ ಬರುತ್ತೆ!"