ಯಾರೂ ತಿರುಗಿ ನೋಡದ ಹೆಸರು

ಮೊಮ್ಮಗಳಿಗೆ ಇಡುವ ಹೆಸರು ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಇನ್ನೊಂದು ಹೆಣ್ಣಿಗೆ ಇರಕೂಡದು! ತೊಂಬತ್ತೆಂಟನೇ ಇಸವಿಯಲ್ಲಿ, ಬಾಣಂತಿ ಮಗಳು ರಂಜಿತಾಳ ಮಂಚದ ಪಕ್ಕ ಸೆರಗು ಸಿಕ್ಕಿಸಿ ನಿಂತು, ಗಿಡ್ಡಮ್ಮ ಹೀಗೆ ಸಾರಿಯೇಬಿಟ್ಟಳು.

ಹಟಕ್ಕೆ ಕಾರಣವಿತ್ತು. ಅವಳು ಮೂವತ್ತು ವರ್ಷ ಕಾಫಿ ಹಣ್ಣು ಕುಯ್ದ ಎಸ್ಟೇಟಿನಲ್ಲಿ ನಾಲ್ಕು ಜನ ಗಿಡ್ಡಮ್ಮಂದಿರಿದ್ದರು. ಒಮ್ಮೆ ನಾಯಿ ಕಚ್ಚಿದ್ದು ಮೇಲಿನ ಕೂಲಿ ಲೈನಿನ ಮನೆಯ ಗಿಡ್ಡಮ್ಮನಿಗೆ, "ಗಿಡ್ಡಮ್ಮ ಯಾರ್ರೀ?" ಎಂದು ಎಸ್ಟೇಟ್ ಆಸ್ಪತ್ರೆಯ ಕಾಂಪೌಂಡರ್ ಕೂಗಿದಾಗ ಎದ್ದು ಹೋದವಳು ಇವಳು. ತಲೆನೋವಿನ ಮಾತ್ರೆಗೆಂದು ಹೋಗಿ ಹೊಕ್ಕುಳ ಸುತ್ತ ಎರಡು ಸೂಜಿ ಚುಚ್ಚಿಸಿಕೊಂಡಳು! ಮೂರನೆಯದು ಬೀಳುವ ಮೊದಲು ಕಚ್ಚಿಸಿಕೊಂಡ ಗಿಡ್ಡಮ್ಮ ಖುದ್ದಾಗಿ ಬಂದು ಕಾಪಾಡಿದಳು.

"ಅವ್ವ, ನನ್ನ ನಾದಿನಿ ಧನ್ಯಾ ಅಂತ ಆರಿಸಿ ಇಟ್ಟಿದ್ದಾಳೆ," ಎಂದಳು ರಂಜಿತಾ. "ಭಾನುವಾರದೊಳಗೆ ನೀನು ಬೇರೆ ಹೆಸರು ಹೇಳ್ದಿದ್ರೆ ಕೂಸಿನ ಕಿವೀಲಿ ಅದನ್ನೇ ಊದ್ತಾಳೆ. ಸೋದರತ್ತೆ ಅವಳೇ ತಾನೆ?"

"ಊದ್ಲಿ. ಮೊದ್ಲು ಪರೀಕ್ಷೆ ಆಗ್ಲಿ."

ಗಿಡ್ಡಮ್ಮನಿಗೆ ರುಜು ಹಾಕುವಷ್ಟೇ ಅಕ್ಷರ ಗೊತ್ತು. ಹೆಸರಿನ ಪುಸ್ತಕದಿಂದ ಅವಳಿಗೇನೂ ಉಪಯೋಗವಿಲ್ಲ. ಆದರೆ ಬಣಕಲ್ ಬಸ್‌ಸ್ಟ್ಯಾಂಡ್ ಇತ್ತಲ್ಲ! ಬೆಳಿಗ್ಗೆ ಶಾಲೆ, ಕಾಲೇಜು, ಸಂತೆ ಅಂತ ಸುತ್ತಲಿನ ಹೆಣ್ಣುಮಕ್ಕಳೆಲ್ಲ ಅಲ್ಲೇ. ನಡುವೆ ನಿಂತು ಕೂಗಿದಳು, "ಧನ್ಯಾ!"

ಗಲಾಟೆಗೆ ತಿರುಗಿದ ತಲೆಗಳನ್ನು ಅವಳು ಪರಿಗಣಿಸಲಿಲ್ಲ. "ಆಂ?" ಅಂದವಳಷ್ಟೇ ಲೆಕ್ಕ. ಧನ್ಯಾಗೆ ನಾಲ್ಕು "ಆಂ?" ಬಂದವು. "ಕವನಾ!" ಅಂದರೆ ಮೂರು. ಸುಮ್ಮನೆ ನೋಡೋಣ ಅಂತ "ರಂಜಿತಾ!" ಅಂದಳು. ಏಳು! ಅಯ್ಯೋ, ಮಗಳ ವಿಷಯದಲ್ಲಿ ಆಗಲೇ ಮೋಸ ಹೋಗಿಬಿಟ್ಟಿದ್ದಳು.

ಅಲ್ಲಿಂದ ನೇರ ನಿವೃತ್ತ ಮೇಷ್ಟ್ರು ಸೋಮಶೇಖರಪ್ಪನವರ ಮನೆಗೆ.

"ನಿಹಾರಿಕಾ ಅಂತ ಇಡಿ ಗಿಡ್ಡಮ್ಮ. ಸಂಸ್ಕೃತದಿಂದ ಬಂದಿದ್ದು. ನೀಹಾರ ಅಂದ್ರೆ ಮಂಜು."

"ಯಾವ ಮಂಜು ಮೇಷ್ಟ್ರೇ? ಎಲೆ ಮೇಲೆ ಕೂರೋದೋ, ದಾರಿ ಕಾಣದಂಗೆ ಮಾಡೋದೋ?"

ಮೇಷ್ಟ್ರು ನಿಘಂಟು ತೆಗೆದರು, ಕನ್ನಡಕ ಒರೆಸಿದರು. "ಎರಡೂ ಅಂತ ಬರ್ದಿದ್ದಾರೆ."

"ಹಾಗಾದ್ರೆ ಆಗ್ಬಹುದು. ನಮ್ಮ ದೇವರಮನೆ ಗುಡ್ಡದಲ್ಲಿ ಎರಡೂ ಇರ್ತವೆ."

ಹೆಸರನ್ನು ಎಲೆಅಡಿಕೆಯ ಹಾಗೆ ದವಡೆಯಲ್ಲಿಟ್ಟುಕೊಂಡು, ಶುಕ್ರವಾರ ಮತ್ತೆ ಬಸ್‌ಸ್ಟ್ಯಾಂಡಿಗೆ ಬಂದಳು. "ನಿಹಾರಿಕಾ!" ಒಂದು "ಆಂ?" ಕೂಡ ಇಲ್ಲ! ಒಂದೇ ಸಲದ ಪರೀಕ್ಷೆಯನ್ನು ನಂಬುವ ಹೆಂಗಸಲ್ಲ ಅವಳು. ಹೋಟೆಲಿನ ಮುಂದೆ ಒಮ್ಮೆ, ಕಳಸದ ಬಸ್ಸಿನ ಕಿಟಕಿಗೆ ಬಾಯಿ ಕೊಟ್ಟು ಇನ್ನೊಮ್ಮೆ ಕೂಗಿದಳು. ಇಲ್ಲ. ಗೆದ್ದೆ!

ಬಸ್ ಏಜೆಂಟ್ ಗುರುವಯ್ಯ ಓಡಿ ಬಂದ. "ಯಾರಜ್ಜೀ ಕಳ್ದುಹೋಗಿದ್ದು? ನಿಹಾರಿಕಾನಾ? ವಯಸ್ಸೆಷ್ಟು?"

ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುವುದು ಗಿಡ್ಡಮ್ಮನ ಅಭ್ಯಾಸ. "ಒಂಬತ್ತು ದಿವ್ಸ."

"ಅಯ್ಯಯ್ಯೋ! ಯಾರೂ ಬಸ್ ಬಿಡ್ಬೇಡ್ರೋ! ಎಳೇ ಕೂಸು ಕಾಣೆ!"

ಗುರುವಯ್ಯ ಸೀಟಿ ಊದಿದ್ದಕ್ಕೆ ಎರಡು ಬಸ್ಸು, ಐದು ಜೀಪು ನಿಂತವು. ಸೀಟಿನ ಅಡಿ ಹುಡುಕಿದರು. ಕೋಳಿ ಬುಟ್ಟಿ ತೆರೆದರು. ಒಬ್ಬ ಹೆಂಗಸಿನ ಮಡಿಲಿನ ಗಂಟು ಬಿಚ್ಚಿಸಿದರೆ ಒಳಗೆ ಸಿಹಿಗುಂಬಳ! ಒಂಬತ್ತು ದಿನದ ಕೂಸು ಓಗೊಡುತ್ತದೆ ಎಂಬಂತೆ ಇಡೀ ಬಣಕಲ್ಲು "ನಿಹಾರಿಕಾ! ನಿಹಾರಿಕಾ!" ಎಂದು ಬೊಬ್ಬಿಟ್ಟಿತು. "ಕೇಳ್ರೋ, ಕೇಳ್ರೋ" ಎನ್ನುತ್ತಿದ್ದ ಗಿಡ್ಡಮ್ಮನ ಮಾತು ಯಾರ ಕಿವಿಗಾದರೂ ಬೀಳಲು ಮುಕ್ಕಾಲು ಗಂಟೆ ಬೇಕಾಯಿತು.

"ಕೂಸು ಮನೇಲೇ ಇದೆ ಮಾರಾಯ! ಅವರವ್ವನ ಮಗ್ಗುಲಲ್ಲಿ ಮಲಗಿದೆ!"

"ಮತ್ತೆ ಇಲ್ಲಿ ಯಾಕೆ ಕೂಗಿದ್ರಿ?"

"ಇಲ್ಲಿ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ!"

ಗುರುವಯ್ಯ ಸೀಟಿಯನ್ನು ಜೇಬಿಗೆ ಹಾಕಿ, ಪಕ್ಕದ ಮೂಟೆಯ ಮೇಲೆ ಕುಸಿದು ಕೂತ. ಒಂದು ಬಸ್ಸು ಕಳಸದ ಕಡೆ, ಒಂದು ಮೂಡಿಗೆರೆ ಕಡೆ ಹೊರಟವು. ಟಿಕೆಟ್ ಇಲ್ಲದೆ ಆ ಹೆಸರೂ ಎರಡು ಬಸ್ಸನ್ನೂ ಹತ್ತಿ ಹೋಯಿತು. ಅದು ಮಾತ್ರ ಗಿಡ್ಡಮ್ಮನಿಗೆ ಕಾಣಲಿಲ್ಲ.

ಭಾನುವಾರ ನಾದಿನಿ ಮುಖ ಊದಿಸಿಕೊಂಡೇ ಕೂಸಿನ ಕಿವಿಯಲ್ಲಿ "ನಿಹಾರಿಕಾ" ಎಂದು ಊದಿದಳು. ಆಮೇಲಿನ ಐದು ವರ್ಷ ಗಿಡ್ಡಮ್ಮನ ಕತ್ತು ಒಂದಿಂಚು ಮೇಲೇ ಇತ್ತು.

ಶಾಲೆಗೆ ಸೇರಿಸುವ ದಿನ ಮೊಮ್ಮಗಳನ್ನು ಅವಳೇ ಕರೆದೊಯ್ದಳು. ಹಾಜರಿ ಕೂಗುವುದನ್ನು ಕೇಳಿ ಸಂತೋಷಪಡಲು ಕಿಟಕಿಗೆ ಒರಗಿ ನಿಂತಳು.

"ನಿಹಾರಿಕಾ!"

"ಯೆಸ್ ಮಿಸ್!" ನಾಲ್ಕು ಮಕ್ಕಳು!

ಹೊರಗೆ ನಿಂತಿದ್ದ ತಾಯಿಯೊಬ್ಬಳು ಖುಷಿಯಿಂದ ವಿವರಿಸಿದಳು: "ನಾನು ಬಸುರಿ ಇದ್ದಾಗ ಬಣಕಲ್ಲಲ್ಲಿ ಬಸ್ಸು ನಿಂತ್ಬಿಟ್ಟಿತ್ತು. ಯಾರೋ ಆ ಹೆಸರು ಕೂಗ್ತಿದ್ರು. ಎಷ್ಟು ಚೆಂದ ಅನ್ನಿಸ್ತು!" ಇನ್ನೊಬ್ಬಳಿಗೆ ಅದೇ ಬಸ್ಸಿನಲ್ಲಿದ್ದ ಅಕ್ಕ ಹೇಳಿದ್ದಳಂತೆ. ನಾಲ್ಕನೆಯ ನಿಹಾರಿಕಾಳ ಚೀಲ ಹಿಡಿದು ನಿಂತಿದ್ದವನು ಗುರುವಯ್ಯ.

"ಏನ್ಮಾಡ್ಲಿ ಅಜ್ಜಿ? ಮುಕ್ಕಾಲು ಗಂಟೆ ಕೂಗಿದ ಹೆಸರು. ಮಗಳು ಹುಟ್ಟಿದ ಕೂಡ್ಲೇ ಬಾಯಿಗೆ ಅದೇ ಬಂತು!"

ಸಂಜೆ ಮೊಮ್ಮಗಳು ಕುಣಿಯುತ್ತ ಬಂದಳು. "ಅಜ್ಜೀ, ಗುರುತು ಸಿಗ್ಲಿ ಅಂತ ಮಿಸ್ಸು ನಮ್ಮ ನಾಲ್ಕು ಜನಕ್ಕೂ ಅವರವರ ಅಜ್ಜಿ ಹೆಸ್ರು ಇಟ್ಟಿದ್ದಾರೆ. ಇಡೀ ಶಾಲೇಲಿ ಗಿಡ್ಡಮ್ಮ ಅಂದ್ರೆ ನಾನೊಬ್ಳೇ!"

ಮಗಳನ್ನು ಕರೆದೊಯ್ಯಲು ಬಂದಿದ್ದ ರಂಜಿತಾ ಇದನ್ನು ಕೇಳಿ ನಗು ತಡೆಯದೆ ಅಂಗಳದಿಂದಲೇ ಕೂಗಿದಳು, "ಏ ಗಿಡ್ಡಮ್ಮಾ, ಹೊರಡೇ!"

"ಆಂ?" ಎಂದು ಎರಡು ತಲೆ ಒಟ್ಟಿಗೆ ತಿರುಗಿದವು.